ಗುಂಪಿನಲ್ಲಿ ಗೋವಿಂದ, ಶೀಟಿನಲ್ಲಿ ಒಂದು ಹೆಸರು

'ಗುಂಪಿನಲ್ಲಿ ಗೋವಿಂದ' ಅನ್ನೋ ಮಾತನ್ನು ನಾವು ಸಾಮಾನ್ಯವಾಗಿ ಕೆಲಸಗಳ್ಳರಿಗೆ ಬಳಸುತ್ತೇವೆ. ಹತ್ತು ಜನ ಕೂಗುವಾಗ ತಾನೂ ಬಾಯಿ ಆಡಿಸಿ, ಕೂಗಿದ ಪುಣ್ಯದಲ್ಲಿ ಪಾಲು ತಗೊಳ್ಳುವವನಿಗೆ. ಆದರೆ ಹತ್ತು ಜನ ಸೇರಿ ಕೂಗಿದ್ದು ಗೋವಿಂದನ ಹೆಸರಾಗಿರದೆ ಯಾರೋ ಒಬ್ಬ ಅಮಾಯಕನ ಹೆಸರಾಗಿದ್ದರೆ? ಆಗ ಹಂಚಿಕೊಳ್ಳಬೇಕಾದ್ದು ಪಾಪ. ಅದನ್ನೂ ಹತ್ತು ಭಾಗ ಮಾಡಿ, 'ನನ್ನ ಪಾಲಿಗೆ ಬಂದಿದ್ದು ಇಷ್ಟೇ' ಅಂತ ಹೇಳಿ ಮನೆಗೆ ಹೋಗಬಹುದಾ?

ಈ ಪ್ರಶ್ನೆ ಈಗ ಯಾಕೆ ಅಂದರೆ, ಹತ್ತಲ್ಲ, ಹತ್ತು ಸಾವಿರ ಜನ ಒಟ್ಟಿಗೆ ಕೂತು ತನಿಖೆ ಮಾಡುವಂಥ ಸಲಕರಣೆಗಳು ಇವತ್ತು ನಮ್ಮ ಕೈಯಲ್ಲಿವೆ. ಇದಕ್ಕೆ ಓಪನ್ ಸೋರ್ಸ್ ತನಿಖೆ ಅಂತಾರೆ. ಓಪನ್ ಸೋರ್ಸ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಲಿನಕ್ಸ್, ಗಿಟ್‌ಹಬ್ ನೆನಪಾಗುತ್ತೆ. ಇದು ಬೇರೆ. ಯಾರು ಬೇಕಾದರೂ ನೋಡಬಹುದಾದ ಫೋಟೊ, ವಿಡಿಯೊ, ಉಪಗ್ರಹ ಚಿತ್ರ, ಸೋಷಿಯಲ್ ಮೀಡಿಯಾ ಪೋಸ್ಟು, ಸರ್ಕಾರಿ ದಾಖಲೆ, ಇಂಥವನ್ನೇ ಒಂದಕ್ಕೊಂದು ತಾಳೆ ಹಾಕಿ ಎಲ್ಲಿ ಏನಾಯಿತು ಅಂತ ಪತ್ತೆ ಹಚ್ಚುವ ಕೆಲಸ ಇದು.

ಇಂಗ್ಲೆಂಡಿನ ಲೆಸ್ಟರ್ ಊರಿನ ಎಲಿಯಟ್ ಹಿಗಿನ್ಸ್ 2012ರಲ್ಲಿ ಒಂದು ಬ್ಲಾಗ್ ಶುರು ಮಾಡಿದರು. ಸಿರಿಯಾ ಯುದ್ಧದ ಯೂಟ್ಯೂಬ್ ವಿಡಿಯೊಗಳನ್ನು ನೋಡಿ ಅದರಲ್ಲಿ ಕಾಣುವ ಆಯುಧಗಳನ್ನು ಗುರುತಿಸುವುದು ಅವರ ಹವ್ಯಾಸ. ಸಿರಿಯಾಕ್ಕೆ ಹೋದವರಲ್ಲ, ಅರಬ್ಬಿ ಬರುತ್ತಿರಲಿಲ್ಲ. 2014ರ ಜುಲೈನಲ್ಲಿ ಅವರು 'ಬೆಲಿಂಗ್‌ಕ್ಯಾಟ್' ಶುರು ಮಾಡಿದರು. ಅದೇ ತಿಂಗಳು ಪೂರ್ವ ಉಕ್ರೇನಿನ ಮೇಲೆ ಹಾರುತ್ತಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಹೊಡೆದುರುಳಿಸಲಾಯಿತು. ಸತ್ತವರು 298 ಮಂದಿ. ರಸ್ತೆಯಲ್ಲಿ ಹೋಗುತ್ತಿದ್ದ ಕ್ಷಿಪಣಿ ಲಾಂಚರನ್ನು ಯಾರ್‍ಯಾರೋ ಮೊಬೈಲಿನಲ್ಲಿ ತೆಗೆದು ಹಾಕಿದ್ದ ಫೋಟೊ, ವಿಡಿಯೊಗಳನ್ನು ಈ ತಂಡ ಜೋಡಿಸಿತು. ಹಿಂದೆ ಕಾಣುವ ಅಂಗಡಿ ಯಾವುದು, ತಿರುವು ಯಾವ ಊರಿನದು, ಲಾಂಚರಿನ ಮೈಮೇಲಿನ ಗುರುತು ಇನ್ನೊಂದು ಚಿತ್ರದಲ್ಲೂ ಇದೆಯಾ ಅಂತ ನೋಡುತ್ತಾ ಹೋಗಿ, ಅದು ರಷ್ಯಾ ಸೇನೆಯ 53ನೇ ಬ್ರಿಗೇಡಿನದು ಎಂಬ ತೀರ್ಮಾನಕ್ಕೆ ಬಂತು. 2018ರಲ್ಲಿ ಅಧಿಕೃತ ಜಂಟಿ ತನಿಖಾ ತಂಡವೂ ಅದನ್ನೇ ಹೇಳಿತು.

ಈ ಕೆಲಸದ ಸಲಕರಣೆಗಳು ನಮಗೆ ಹೊಸವೇನಲ್ಲ. ಎಲ್ಲರೂ ಒಟ್ಟಿಗೆ ತಿದ್ದಬಹುದಾದ ಒಂದು ಗೂಗಲ್ ಶೀಟ್, ಮಾತಾಡಿಕೊಳ್ಳಲು ಒಂದು ಡಿಸ್ಕಾರ್ಡ್ ಅಥವಾ ಸ್ಲ್ಯಾಕ್ ಚಾನೆಲ್, ಜಾಗ ಹುಡುಕಲು ಗೂಗಲ್ ಅರ್ಥ್, ನೆರಳಿನ ದಿಕ್ಕು ನೋಡಿ ಹೊತ್ತು ಲೆಕ್ಕ ಹಾಕಲು ಸನ್‌ಕ್ಯಾಲ್ಕ್, ಅಳಿಸಿ ಹೋಗುವ ಮುಂಚೆ ಪುಟವನ್ನು ಉಳಿಸಿಡಲು ವೇಬ್ಯಾಕ್ ಮಷೀನ್. ಶೀಟಿನ ಒಂದೊಂದು ಸಾಲಿಗೆ ಒಂದೊಂದು ವಿಡಿಯೊ. ಕಾಲಮ್ಮುಗಳಲ್ಲಿ ಲಿಂಕು, ಜಾಗ, ದಿನಾಂಕ, ಪರಿಶೀಲಿಸಿದ್ದು ಯಾರು ಅನ್ನೋ ವಿವರ. ಆಫೀಸಿನಲ್ಲಿ ರಿಲೀಸ್ ಟ್ರ್ಯಾಕರ್ ತುಂಬಿಸಿದವರಿಗೆ ಇದರ ಸ್ವರೂಪ ಚೆನ್ನಾಗಿಯೇ ಗೊತ್ತಿರುತ್ತೆ.

ಹನಿಗೂಡಿದರೆ ಹಳ್ಳ ಅನ್ನೋದು ಇಲ್ಲಿ ಅಕ್ಷರಶಃ ನಿಜ. 2018ರ ಜುಲೈನಲ್ಲಿ ಒಂದು ವಿಡಿಯೊ ಹರಿದಾಡಿತು. ಸೈನಿಕರ ಉಡುಪಿನವರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ನಡೆಸಿಕೊಂಡು ಹೋಗಿ ಗುಂಡಿಕ್ಕುತ್ತಾರೆ. ಮಕ್ಕಳಲ್ಲಿ ಒಂದು ಕೂಸು, ತಾಯಿಯ ಬೆನ್ನಿಗೆ ಕಟ್ಟಿಕೊಂಡಿದ್ದು. ಇದು ನಮ್ಮ ದೇಶದ್ದೇ ಅಲ್ಲ, ಫೇಕ್ ನ್ಯೂಸ್ ಅಂತ ಕ್ಯಾಮರೂನ್ ಸರ್ಕಾರ ಕೈ ತೊಳೆದುಕೊಂಡಿತು. ಬಿಬಿಸಿ ಆಫ್ರಿಕಾ ಐ ತಂಡ, ಆಮ್ನೆಸ್ಟಿ, ಬೆಲಿಂಗ್‌ಕ್ಯಾಟ್, ಜೊತೆಗೆ ಟ್ವಿಟರಿನಲ್ಲಿ ಪರಿಚಯವಾದ ಹವ್ಯಾಸಿ ವಿಶ್ಲೇಷಕರು ಇದರ ಬೆನ್ನು ಬಿದ್ದರು. ವಿಡಿಯೊದ ಹಿನ್ನೆಲೆಯಲ್ಲಿ ಒಂದು ಬೆಟ್ಟದ ಸಾಲಿತ್ತು. ಅದರ ಏರಿಳಿತವನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿ, ಉತ್ತರ ಕ್ಯಾಮರೂನಿನ ಜೆಲೆವೆಟ್ ಎಂಬ ಊರಿನ ಹತ್ತಿರದ ಜಾಗ ಅಂತ ಗುರುತಿಸಿದರು. ಯಾವ ಮನೆ ಯಾವ ವರ್ಷದ ಉಪಗ್ರಹ ಚಿತ್ರದಲ್ಲಿದೆ, ಕಾಲುದಾರಿ ಯಾವ ಋತುವಿನಲ್ಲಿ ಕಾಣುತ್ತೆ, ಸೈನಿಕರ ನೆರಳು ಯಾವ ಕೋನದಲ್ಲಿ ಬಿದ್ದಿದೆ ಅಂತ ಒಂದೊಂದಾಗಿ ಲೆಕ್ಕ ಹಾಕಿ, ಘಟನೆ ನಡೆದಿದ್ದು 2015ರ ಮಾರ್ಚ್ 20 ಮತ್ತು ಏಪ್ರಿಲ್ 5ರ ನಡುವೆ ಅಂತ ಕಂಡುಹಿಡಿದರು. ಸರ್ಕಾರ ಏಳು ಸೈನಿಕರನ್ನು ಬಂಧಿಸಿತು. 2020ರಲ್ಲಿ ಅವರಲ್ಲಿ ನಾಲ್ವರಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಹೇಳೋರು ಕೇಳೋರು ಇಲ್ಲದ ನಾಲ್ಕು ಜೀವಗಳಿಗೆ ಸಿಕ್ಕಿದ ಅಷ್ಟಿಷ್ಟು ನ್ಯಾಯದಲ್ಲಿ ಎಲ್ಲೋ ಕೂತು ಬೆಟ್ಟದ ಗೆರೆ ಹೋಲಿಸಿದವರ ಪಾಲೂ ಇದೆ.

ಈಗ ಇನ್ನೊಂದು ಕಥೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದು ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ರೆಡಿಟ್‌ನಲ್ಲಿ ಸಾವಿರಾರು ಜನ ಸೇರಿ ಬಾಂಬ್ ಇಟ್ಟವರನ್ನು ಹುಡುಕಲು ಹೊರಟರು. ಬೆನ್ನಿಗೆ ಬ್ಯಾಗ್ ಇದ್ದವರನ್ನೆಲ್ಲಾ ಫೋಟೊಗಳಲ್ಲಿ ಸುತ್ತು ಹಾಕಿದರು. ಎಫ್‌ಬಿಐ ಶಂಕಿತರ ಚಿತ್ರ ಬಿಡುಗಡೆ ಮಾಡಿದ ರಾತ್ರಿ, ಅದರಲ್ಲೊಬ್ಬ ಭಾರತೀಯ ಮೂಲದ ಒಬ್ಬ ಕಾಲೇಜು ಹುಡುಗನ ಹಾಗೆ ಕಾಣುತ್ತಾನೆ ಅಂತ ಮಾತು ಹುಟ್ಟಿತು. ಆ ಹುಡುಗ ಒಂದು ತಿಂಗಳಿಂದ ಕಾಣೆಯಾಗಿದ್ದ. ಅವನನ್ನು ಹುಡುಕಲು ಮನೆಯವರು ಮಾಡಿದ್ದ ಫೇಸ್‌ಬುಕ್ ಪುಟಕ್ಕೆ ರಾತ್ರೋರಾತ್ರಿ ಬೈಗುಳದ ಸುರಿಮಳೆ. ಅವರು ಪುಟವನ್ನೇ ತೆಗೆಯಬೇಕಾಯಿತು. ಬೆಳಗಾಗುವಷ್ಟರಲ್ಲಿ ನಿಜವಾದ ಶಂಕಿತರು ಬೇರೆಯವರು ಅಂತ ಗೊತ್ತಾಯಿತು. ಕೆಲವು ದಿನಗಳ ನಂತರ ನದಿಯಲ್ಲಿ ಆ ಹುಡುಗನ ಹೆಣ ಸಿಕ್ಕಿತು. ಊರೆಲ್ಲಾ ಅವನ ಹೆಸರು ಕೂಗುವಾಗ ಅವನು ಬದುಕಿರಲೇ ಇಲ್ಲ. ರೆಡಿಟ್ ಕುಟುಂಬದ ಕ್ಷಮೆ ಕೇಳಿತು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಓಡಾಡಿದೆ.

ಎರಡೂ ಕಡೆ ಇದ್ದಿದ್ದು ಇಂಟರ್ನೆಟ್ಟು, ಫೋಟೊ, ಬಿಡುವಿನ ವೇಳೆ, ಒಳ್ಳೇ ಉದ್ದೇಶ. ಮತ್ತೆ ಹೀಗ್ಯಾಕಾಯಿತು? ಅಲ್ಲಿ ಪರಿಣತರಿದ್ದರು, ಇಲ್ಲಿ ಪೆದ್ದರಿದ್ದರು ಅನ್ನೋದು ಸುಲಭದ ಉತ್ತರ. ಆದರೆ ಹಿಗಿನ್ಸ್ ಕೂಡ ಶುರುವಿನಲ್ಲಿ ಹವ್ಯಾಸಿಯೇ. ನಿಯಮ ಇರಲಿಲ್ಲ ಅಂತಲೂ ಹೇಳೋ ಹಾಗಿಲ್ಲ. ಖಾಸಗಿ ವ್ಯಕ್ತಿಗಳ ವಿವರ ಹಾಕಬಾರದು ಎಂಬ ನಿಯಮ ರೆಡಿಟ್‌ನಲ್ಲಿ ಆಗಲೇ ಇತ್ತು.

ಅಮೆರಿಕದ ರಾಜಕೀಯ ಚಿಂತಕ ಡೆನಿಸ್ ಥಾಂಪ್ಸನ್ 1980ರಲ್ಲಿ ಇಂಥ ಸಂದರ್ಭಕ್ಕೊಂದು ಹೆಸರು ಕೊಟ್ಟರು: ಹಲವು ಕೈಗಳ ಸಮಸ್ಯೆ. ಅವರು ಹೇಳುತ್ತಿದ್ದದ್ದು ಸರ್ಕಾರಿ ಕಚೇರಿಗಳ ಬಗ್ಗೆ. ಒಂದು ನಿರ್ಧಾರಕ್ಕೆ ಹತ್ತಾರು ಕೈ ಸೇರಿದಾಗ, ಅನಾಹುತವಾದರೆ ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ. ಬಾಸ್ಟನ್ ಪ್ರಕರಣವನ್ನು ಹಾಗೆ ಬಿಡಿಸಿ ನೋಡಿ. ಒಬ್ಬರು 'ಇವರಿಬ್ಬರ ಮುಖ ಹೋಲುತ್ತೆ ಅಲ್ವಾ' ಅಂದಿರಬಹುದು. ಇನ್ನೊಬ್ಬರು 'ಈ ಹುಡುಗ ಕಾಣೆಯಾಗಿದ್ದಾನೆ' ಅಂದಿರಬಹುದು. ಅದು ಸತ್ಯವೇ. ಮತ್ತೊಬ್ಬರು ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟಿರಬಹುದು. ಮಗದೊಬ್ಬರು ಬರೀ ಅಪ್‌ವೋಟ್ ಒತ್ತಿರಬಹುದು. 'ಇವನೇ ಕೊಲೆಗಾರ' ಅಂತ ಇವರಲ್ಲಿ ಯಾರೂ ಹೇಳಬೇಕಾಗಿಯೇ ಇಲ್ಲ. ಎಲ್ಲರೂ ಸೇರಿ ಹೇಳಿಬಿಟ್ಟಿರುತ್ತಾರೆ.

ಇಲ್ಲಿ ಸಲಕರಣೆಯ ಪಾತ್ರವೂ ಇದೆ. ಫ್ರಾನ್ಸಿನ ಗಣಿತಜ್ಞ ಕೊಂಡಾರ್ಸೆ 1785ರಲ್ಲೇ ಒಂದು ಲೆಕ್ಕ ತೋರಿಸಿದ್ದ. ಹೌದು-ಇಲ್ಲ ಅನ್ನೋ ಪ್ರಶ್ನೆಗೆ ಪ್ರತಿಯೊಬ್ಬರೂ ಸರಿಯಾಗಿ ಉತ್ತರಿಸುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಸಾಕು, ಜನ ಹೆಚ್ಚಾದಷ್ಟೂ ಬಹುಮತದ ಉತ್ತರ ಸರಿಯಾಗುವ ಸಾಧ್ಯತೆ ಏರುತ್ತಾ ಹೋಗುತ್ತೆ. ಆದರೆ ಒಂದು ಷರತ್ತು: ಒಬ್ಬೊಬ್ಬರೂ ಸ್ವತಂತ್ರವಾಗಿ ಯೋಚಿಸಿರಬೇಕು. ಪಕ್ಕದವನ ಉತ್ತರ ನೋಡಿ ಬರೆದರೆ ಸಾವಿರ ಜನರ ಮತಕ್ಕೂ ಒಬ್ಬನ ಮತದಷ್ಟೇ ಬೆಲೆ. ಅಪ್‌ವೋಟ್ ಅನ್ನೋದು ಪಕ್ಕದವನ ಉತ್ತರವನ್ನು ದೊಡ್ಡಕ್ಷರದಲ್ಲಿ ತೋರಿಸುವ ಏರ್ಪಾಡು. ಇದಕ್ಕೆ ಎದುರಾಗಿ ಆಮ್ನೆಸ್ಟಿಯ 'ಡಿಕೋಡರ್ಸ್' ಯೋಜನೆ ನೋಡಿ. ಸುಡಾನಿನ ಡಾರ್ಫರ್ ಹಳ್ಳಿಗಳ ಉಪಗ್ರಹ ಚಿತ್ರಗಳನ್ನು ಸಣ್ಣ ತುಣುಕು ಮಾಡಿ, ಸಾವಿರಾರು ಸ್ವಯಂಸೇವಕರಿಗೆ ಕೊಟ್ಟು, ಮನೆ ಸುಟ್ಟ ಗುರುತು ಇದೆಯಾ ಅಂತ ಕೇಳಿದರು. ಒಂದೇ ತುಣುಕನ್ನು ಹಲವರು ಬೇರೆ ಬೇರೆಯಾಗಿ ನೋಡಿದರು. ಗುಂಪನ್ನು ಜಾಣ ಮಾಡುವುದಕ್ಕೂ ದಡ್ಡ ಮಾಡುವುದಕ್ಕೂ ಕೆಲವೊಮ್ಮೆ ಸ್ಕ್ರೀನಿನ ವಿನ್ಯಾಸವೇ ಸಾಕು.

ಆದರೂ ವಿನ್ಯಾಸದಿಂದಲೇ ಎಲ್ಲಾ ಸರಿಹೋಗಲ್ಲ. ಕೇಳುವ ಪ್ರಶ್ನೆಯಲ್ಲೇ ವ್ಯತ್ಯಾಸವಿದೆ. ಕ್ಯಾಮರೂನ್ ತಂಡದ ಮೊದಲ ಪ್ರಶ್ನೆ 'ಇದು ಯಾವ ಬೆಟ್ಟ?'. ರೆಡಿಟ್‌ನ ಮೊದಲ ಪ್ರಶ್ನೆ 'ಇವನು ಯಾರು?'. ಬೆಟ್ಟವನ್ನು ತಪ್ಪಾಗಿ ಗುರುತಿಸಿದರೆ ಬೆಟ್ಟಕ್ಕೆ ಬೇಜಾರಾಗುವುದಿಲ್ಲ. ಸಾಲು ಅಳಿಸಿ ಇನ್ನೊಂದು ಬೆಟ್ಟ ಹುಡುಕಬಹುದು. ಮನುಷ್ಯನನ್ನು ತಪ್ಪಾಗಿ ಗುರುತಿಸಿದರೆ ಆ ಸಾಲು ಅಳಿಸಿದ ಮೇಲೂ ಅವನ ಮನೆ ಮುಂದೆ ಜನ ಇರುತ್ತಾರೆ. ಯೂರೋಪೋಲ್ 2017ರಲ್ಲಿ ಶುರು ಮಾಡಿದ ಒಂದು ಕೆಲಸದಲ್ಲಿ ಈ ವಿವೇಕ ಎದ್ದು ಕಾಣುತ್ತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳಿಂದ ಹಿನ್ನೆಲೆಯಲ್ಲಿರುವ ಒಂದು ವಸ್ತುವನ್ನು ಮಾತ್ರ ಕತ್ತರಿಸಿ ಜನರ ಮುಂದೆ ಇಡುತ್ತಾರೆ. ಒಂದು ಚೀಲ, ಒಂದು ಬಾಟಲಿ, ಒಂದು ಬಟ್ಟೆ. 'ಇದನ್ನು ಎಲ್ಲಿ ನೋಡಿದ್ದೀರಿ?' ಅಷ್ಟೇ ಪ್ರಶ್ನೆ. ಮಗುವಿನ ಮುಖ ಇಲ್ಲ, ಆರೋಪಿಯ ಮುಖವೂ ಇಲ್ಲ. ಗುಂಪಿನ ಕಣ್ಣು ಬೇಕು, ಗುಂಪಿನ ತೀರ್ಪು ಬೇಡ ಅನ್ನೋ ನಿಲುವು ಅದು.

ಈಗ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಹೆಸರೇ ಹೇಳಬಾರದು ಅಂದರೆ ಅದರ ಲಾಭ ಬಲಾಢ್ಯರಿಗೇ ಅಲ್ವಾ? ಕ್ಯಾಮರೂನಿನಲ್ಲಿ ಗುಂಡು ಹೊಡೆದಿದ್ದು ಬೆಟ್ಟ ಅಲ್ಲವಲ್ಲ. ನ್ಯಾಯ ಸಿಗಬೇಕಾದರೆ ಕೊನೆಗೆ ಯಾರಾದರೂ ಹೆಸರು ಹೇಳಲೇಬೇಕು. ಮರ್ಯಾದೆಯ ಹೆಸರಲ್ಲಿ ಸುಮ್ಮನಿರುವುದು ಹೇಡಿತನವೂ ಆಗಬಹುದು.

ನಿಜ. ಬಿಬಿಸಿ ಕೂಡ ಹೆಸರುಗಳನ್ನು ಹೇಳಿತು. ಆದರೆ ಹೇಗೆ ಹೇಳಿತು ಅನ್ನೋದು ಮುಖ್ಯ. ಜಾಗ ಮತ್ತು ಸಮಯದ ಕೆಲಸ ಗಟ್ಟಿಯಾದ ಮೇಲೆ, ಕೆಲವೇ ಜನರ ಒಂದು ತಂಡ, ತನ್ನ ಸಂಸ್ಥೆಯ ಹೆಸರನ್ನು ಮುಂದಿಟ್ಟು ಹೇಳಿತು. ಸುಳ್ಳಾಗಿದ್ದರೆ ಯಾರನ್ನು ಕೇಳಬೇಕು, ಯಾರ ಮೇಲೆ ಕೇಸು ಹಾಕಬೇಕು ಅನ್ನೋದು ಮೊದಲ ದಿನದಿಂದ ಎಲ್ಲರಿಗೂ ಗೊತ್ತಿತ್ತು. ಇನ್ನೊಬ್ಬರ ಹೆಸರು ಹೇಳುವ ಹಕ್ಕು ಬರುವುದು ತನ್ನ ಹೆಸರನ್ನು ಪಣಕ್ಕಿಟ್ಟವರಿಗೆ. ಜೊತೆಗೆ ಅಂತಿಮ ತೀರ್ಪನ್ನು ಅವರೂ ಕೊಡಲಿಲ್ಲ. ಎಂಎಚ್17 ಪ್ರಕರಣದಲ್ಲಿ ಡಚ್ ನ್ಯಾಯಾಲಯ 2022ರ ನವೆಂಬರಿನಲ್ಲಿ ತೀರ್ಪು ಕೊಟ್ಟಾಗ ನಾಲ್ವರು ಆರೋಪಿಗಳಲ್ಲಿ ಮೂವರನ್ನು ತಪ್ಪಿತಸ್ಥರು ಅಂದಿತು, ಒಬ್ಬನನ್ನು ಖುಲಾಸೆ ಮಾಡಿತು. ನ್ಯಾಯಾಲಯಕ್ಕೆ 'ಇಲ್ಲ, ಸಾಕ್ಷಿ ಸಾಲದು' ಅನ್ನೋ ಅಧಿಕಾರವಿದೆ, ಅದು ಅದರ ಕರ್ತವ್ಯ ಕೂಡ. ನಮ್ಮ ಶೀಟುಗಳಲ್ಲಿ 'ಖುಲಾಸೆ' ಅಂತ ಒಂದು ಕಾಲಮ್ ನೀವು ಎಲ್ಲಾದರೂ ನೋಡಿದ್ದೀರಾ?

ಇದೆಲ್ಲಾ ದೂರದ ದೇಶಗಳ ಮಾತಾಯಿತು ಅನ್ನಿಸಿದರೆ ಬೀದರಿಗೆ ಬನ್ನಿ. 2018ರ ಜುಲೈ, ಔರಾದ್ ತಾಲ್ಲೂಕಿನ ಮುರ್ಕಿ. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ದೇಶದ ತುಂಬಾ ಇತ್ತು. ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಅದರ ಜೊತೆ ಓಡಾಡುತ್ತಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೊ. ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಎದ್ದಿತು. ಅವರ ಕಾರಿನ ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ದಾರಿ ಅಡ್ಡಗಟ್ಟಿದರು. ಸತ್ತಿದ್ದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ನಿಮ್ಮ ನಮ್ಮ ಥರ ವೀಕೆಂಡಿಗೆ ಸುತ್ತಾಡಲು ಹೊರಟವನು.

ಈ ಘಟನೆ ನಾನು ಮೇಲೆ ಹೇಳಿದ ವಾದವನ್ನೂ ತಿದ್ದುತ್ತೆ. 'ಕಾರು ಎಲ್ಲಿದೆ?' ಅನ್ನೋದು 'ಎಲ್ಲಿ' ಪ್ರಶ್ನೆಯೇ, 'ಯಾರು' ಪ್ರಶ್ನೆ ಅಲ್ಲ. ಆದರೂ ಅದಕ್ಕೆ ಸಿಕ್ಕಿದ ಸರಿಯಾದ ಉತ್ತರವೇ ಒಬ್ಬನನ್ನು ಕೊಂದಿತು. ಬದುಕಿರುವ ಮನುಷ್ಯ ಎಲ್ಲಿದ್ದಾನೆ ಅನ್ನೋ ಮಾಹಿತಿ ಬೆಟ್ಟ ಎಲ್ಲಿದೆ ಅನ್ನೋ ಮಾಹಿತಿಯಂತಲ್ಲ. ಅದು ಸತ್ಯವಾಗಿದ್ದರೂ ಸಾಲದು, ಯಾರ ಕೈಗೆ ಹೋಗುತ್ತೆ ಅನ್ನೋದೂ ಸರಿಯಾಗಿರಬೇಕು. ಕಾಣೆಯಾದವರನ್ನು ಹುಡುಕುವ 'ಟ್ರೇಸ್ ಲ್ಯಾಬ್ಸ್' ಎಂಬ ಸ್ವಯಂಸೇವಾ ಸಂಸ್ಥೆ ಇದಕ್ಕೇ ಕಟ್ಟುನಿಟ್ಟು ಮಾಡಿದೆ. ಸಿಕ್ಕಿದ ಮಾಹಿತಿ ಪೊಲೀಸರಿಗೆ ಮಾತ್ರ. ಕಾಣೆಯಾದವರನ್ನಾಗಲಿ, ಅವರ ಮನೆಯವರನ್ನಾಗಲಿ ಸ್ವಯಂಸೇವಕರು ಸಂಪರ್ಕಿಸುವಂತಿಲ್ಲ. ಕಾಣೆಯಾದವರಲ್ಲಿ ಕೆಲವರು ಹಿಂಸೆಯಿಂದ ತಪ್ಪಿಸಿಕೊಂಡು ಓಡಿಬಂದವರೂ ಇರಬಹುದಲ್ಲ.

ಹಾಗಾದರೆ ಒಂದೇ ಒಂದು ಸಾಲು ತುಂಬಿದವರ ಹೊಣೆ ಎಷ್ಟು? ಇಲ್ಲಿ ನನಗೆ ನೆನಪಾಗುವುದು ಗೃಹಸಾಲ. ನಮ್ಮಲ್ಲಿ ಎಷ್ಟೋ ಜನ ಹೆಂಡತಿಯ ಜೊತೆ, ಗಂಡನ ಜೊತೆ, ಅಣ್ಣನ ಜೊತೆ ಜಂಟಿಯಾಗಿ ಸಾಲ ತೆಗೆದವರು. ಇಬ್ಬರು ಸಹಿ ಹಾಕಿದ್ದಾರೆ ಅಂತ ತಲಾ ಅರ್ಧರ್ಧ ಹೊಣೆ ಆಗುವುದಿಲ್ಲ. ಒಬ್ಬರು ಕೈ ಎತ್ತಿದರೆ ಬ್ಯಾಂಕು ಇನ್ನೊಬ್ಬರ ಹತ್ತಿರ ಪೂರ್ತಿ ಬಾಕಿ ಕೇಳುತ್ತೆ. ಸೇರುವವರು ಹೆಚ್ಚಾದಷ್ಟೂ ಹೊಣೆ ತೆಳುವಾಗುತ್ತಾ ಹೋಗುತ್ತೆ ಅನ್ನೋದು ನಮ್ಮ ಭ್ರಮೆ. ಸಹಿ ಹಾಕಿದ ಪ್ರತಿಯೊಬ್ಬರ ಮೇಲೂ ಪೂರ್ತಿ ಭಾರ ಇರುತ್ತೆ.

ಈ ಹೋಲಿಕೆಯನ್ನು ಹಾಗೇ ಎಳೆದರೆ ಅನ್ಯಾಯವಾಗುತ್ತೆ, ಒಪ್ಪುತ್ತೇನೆ. ಬೆಟ್ಟದ ಗೆರೆ ಹೋಲಿಸಿದವನನ್ನು ಹಿಡಿದು, ಆಮೇಲೆ ಯಾರೋ ಮಾಡಿದ ತಪ್ಪಿಗೆ ಜೈಲಿಗೆ ಹಾಕು ಅನ್ನಲಾಗದು. ಆದರೆ ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ನಾವು ಓದುತ್ತೇವೆ, ಕೊನೇ ಪಕ್ಷ ಓದಬೇಕು. ಸಾಲು ತುಂಬುವವರಿಗೂ ಅಷ್ಟು ಹೊಣೆ ಇದ್ದೇ ಇದೆ. ಇದರ ಕೊನೆಯಲ್ಲಿ ಯಾರ ಹೆಸರು ಬರಬಹುದು? ಇದನ್ನು ಯಾರು ಯಾರು ನೋಡಬಹುದು? ತಪ್ಪಾದರೆ 'ನಿಲ್ಲಿಸಿ' ಅನ್ನೋರು ಯಾರು? ಈ ಮೂರಕ್ಕೆ ಉತ್ತರ ಸಿಗದ ಶೀಟಿಗೆ ಒಂದು ಸಾಲು ಸೇರಿಸುವುದೂ ಓದದೆ ಸಹಿ ಹಾಕಿದ ಹಾಗೆ. ಜಿರಾದಲ್ಲಿ ಅಸೈನೀ ಇಲ್ಲದ ಟಿಕೆಟ್ಟನ್ನು ನಮ್ಮ ಮ್ಯಾನೇಜರುಗಳು ಒಂದು ದಿನ ಬಿಡಲ್ಲ. ಒಬ್ಬ ಮನುಷ್ಯನ ಮಾನದ ಪ್ರಶ್ನೆ ಇರುವ ಕಡೆ ಆ ಜಾಗವನ್ನು ಖಾಲಿ ಬಿಡುವುದು ಹೇಗೆ?

ಇದು ಬರೀ ಉಪದೇಶದ ಮಾತಲ್ಲ, ಮಾಡಲು ಬರುವಂಥದ್ದೇ. ಬರ್ಕ್ಲಿ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರ ಮತ್ತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಸೇರಿ 2020ರಲ್ಲಿ ಇಂಥ ತನಿಖೆಗಳಿಗೆ ಒಂದು ಮಾರ್ಗಸೂಚಿ ತಂದವು, 'ಬರ್ಕ್ಲಿ ಪ್ರೋಟೊಕಾಲ್' ಅಂತ. ಅದರ ತತ್ವಗಳಲ್ಲಿ ಉತ್ತರದಾಯಿತ್ವವೂ ಒಂದು: ಯಾರು, ಯಾವಾಗ, ಏನು ಮಾಡಿದರು ಎಂಬುದರ ದಾಖಲೆ ಇರಬೇಕು. ನಮಗೂ ಇದರ ಅನುಭವ ಇಲ್ಲದೇ ಇಲ್ಲ. 2021ರ ಏಪ್ರಿಲ್-ಮೇ ತಿಂಗಳಲ್ಲಿ ಬೆಡ್ಡು, ಆಕ್ಸಿಜನ್ ಹುಡುಕಲು ಹುಟ್ಟಿಕೊಂಡ ನೂರಾರು ಶೀಟುಗಳನ್ನು ನೆನಪು ಮಾಡಿಕೊಳ್ಳಿ. ಬರೀ 'ವೆರಿಫೈಡ್' ಅಂತ ಇದ್ದ ಸಾಲು ಅರ್ಧ ಗಂಟೆಯಲ್ಲಿ ಹಳಸಿಹೋಗುತ್ತಿತ್ತು. ಯಾರು, ಎಷ್ಟು ಗಂಟೆಗೆ ಫೋನ್ ಮಾಡಿ ಕೇಳಿದರು ಅಂತ ಬರೆದ ಸಾಲನ್ನು ಮಾತ್ರ ನಂಬಬಹುದಿತ್ತು. 'ಕೇಳಿದೆ, ಗೊತ್ತಾಗಲಿಲ್ಲ' ಅಂತ ಬರೆದವರೂ ಎಷ್ಟೋ ಜನರ ಸಮಯ ಉಳಿಸಿದರು.

ಇನ್ನೊಂದು ಮಾತು. ಓಪನ್ ಸೋರ್ಸ್ ತನಿಖೆಯವರು ಬೇರೆಯವರ ಪೋಸ್ಟುಗಳನ್ನು ಸಿಕ್ಕ ಕೂಡಲೇ ಆರ್ಕೈವ್ ಮಾಡುತ್ತಾರೆ, ಯಾಕೆಂದರೆ ತಪ್ಪು ಮಾಡಿದವರು ಅಳಿಸಿಬಿಡುತ್ತಾರೆ ಅಂತ ಅವರಿಗೆ ಗೊತ್ತು. ಅದೇ ನಿಯಮ ತನಿಖೆ ಮಾಡುವವರಿಗೂ ಅನ್ವಯಿಸಬೇಕು. ತಪ್ಪಾದ ಸಾಲನ್ನು ಮಾಯ ಮಾಡುವುದು ಸುಲಭ. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಇದು ತಪ್ಪು, ಇವರಿಗೂ ಇದಕ್ಕೂ ಸಂಬಂಧವಿಲ್ಲ' ಅಂತ ಬರೆದು ಕೆಳಗೆ ಹೆಸರು ಹಾಕುವುದಕ್ಕೆ ಎದೆ ಬೇಕು. ಆದರೆ ಸುಳ್ಳು ಆರೋಪ ಹೊತ್ತವರಿಗೆ ಬೇಕಾಗಿರುವುದು ಅದೇ. ಪುಟ ಮಾಯವಾದರೆ ಆರೋಪ ಜನರ ನೆನಪಿನಲ್ಲಿ ಉಳಿಯುತ್ತೆ, ಖುಲಾಸೆ ಎಲ್ಲೂ ಉಳಿಯುವುದಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದರು ಹಿರಿಯರು. ನಾಳೆ ನಿಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಂದು ಸಿಸಿಟಿವಿ ತುಣುಕು ಬರುತ್ತೆ, 'ಇವನನ್ನು ಯಾರಾದರೂ ಗುರುತಿಸ್ತೀರಾ' ಅಂತ. ಆಫೀಸಿನ ಗೆಳೆಯರೊಬ್ಬರು ಒಂದು ಶೀಟಿನ ಲಿಂಕ್ ಕಳಿಸಿ 'ನಿಮಗೆ ಗೊತ್ತಿರೋದನ್ನ ಸೇರಿಸಿ' ಅಂತಾರೆ. ಸೇರಿಸಬೇಡಿ ಅಂತ ನಾನು ಹೇಳಲಾರೆ. ಜೆಲೆವೆಟ್‌ನ ಬೆಟ್ಟ ನೋಡಿದವರೆಲ್ಲಾ ಹಾಗೆ ಸುಮ್ಮನಿದ್ದಿದ್ದರೆ ಆ ನಾಲ್ವರ ಸಾವು ಇವತ್ತಿಗೂ ಫೇಕ್ ನ್ಯೂಸ್ ಆಗಿಯೇ ಇರುತ್ತಿತ್ತು. ಆದರೆ ಅನಾಮಧೇಯ ಅಕೌಂಟಿನಿಂದ ಬೇಡ. ಗೊತ್ತಿರುವುದನ್ನು ನಿಮ್ಮ ಹೆಸರು, ಹೊತ್ತು ಹಾಕಿ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ. ಒಬ್ಬರ ಹೆಸರನ್ನು ಸೇರಿಸಲು ಕೈ ಹೋದಾಗ, ಕೆಳಗೆ ನಿಮ್ಮ ಹೆಸರು ಹಾಕಲು ಅದೇ ಕೈ ಹಿಂಜರಿಯುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ.